ಜೋಡಚ್ಚಿನ ಒಂದು ಸೆಂಟು

ಎಲ್ಡನ್ ಬ್ರಿಂಕರ್ ಮತ್ತು ಡೋರೀನ್ ವಿಚ್ಛೇದನ ಮಾಡಿಕೊಂಡಾಗ ಮನೆಯ ಸಾಮಾನೆಲ್ಲ ಒಂದೇ ಮಧ್ಯಾಹ್ನದಲ್ಲಿ ಪಾಲಾಗಿಹೋಯಿತು. ನೀರು ಕಂಡರೆ ಹೆದರುವ ಡೋರೀನಳಿಗೆ ದೋಣಿ ಬಂತು. ಸೂಜಿಗೆ ದಾರ ಪೋಣಿಸಲು ಬಾರದ ಎಲ್ಡನ್‌ಗೆ ಹೊಲಿಗೆ ಯಂತ್ರ ಬಂತು. ಇಬ್ಬರಿಗೂ ಬೇಡವಾದದ್ದೇ ಸಿಕ್ಕಿದ್ದರಿಂದ ಯಾರಿಗೂ ಮೋಸವಾಗಲಿಲ್ಲ ಎಂದು ವಕೀಲರು ಕೈ ತೊಳೆದುಕೊಂಡರು. ಬೆಕ್ಕು ಯಾರಿಗೆ ಎಂದು ಕೇಳುವ ಮೊದಲೇ ಅದು ಪಕ್ಕದ ಮನೆಗೆ ಹೋಗಿ ಸೇರಿಕೊಂಡಿತ್ತು. ಕೊನೆಗೆ ಪಾಲಾಗದೆ ಉಳಿದದ್ದು ಒಂದೇ ವಸ್ತು. ಅದು ಸಾವಿರದ ಒಂಬೈನೂರ ಎಪ್ಪತ್ತೆರಡನೇ ಇಸವಿಯ, ತಾಮ್ರದ, ಒಂದು ಸೆಂಟಿನ ನಾಣ್ಯ.

ಆ ನಾಣ್ಯದ ಮೇಲೆ ಅಕ್ಷರಗಳೆಲ್ಲ ಎರಡೆರಡು ಕಾಣುತ್ತಿದ್ದವು, ಕುಡಿದವನ ಕಣ್ಣಿಗೆ ಬೀದಿದೀಪ ಕಾಣುವ ಹಾಗೆ. ಟಂಕಸಾಲೆಯಲ್ಲಿ ಅಚ್ಚು ತಯಾರಿಸುವಾಗ ಒಮ್ಮೆ ಒತ್ತಿ, ಕೂದಲೆಳೆಯಷ್ಟು ಸರಿದು ಮತ್ತೊಮ್ಮೆ ಒತ್ತಿಬಿಟ್ಟರೆ ಅಚ್ಚಿನಲ್ಲೇ ಅಕ್ಷರ ಜೋಡಿಯಾಗುತ್ತದೆ. ಅಂಥ ಅಚ್ಚಿನಿಂದ ಬಿದ್ದ ನಾಣ್ಯವೇ ಜೋಡಚ್ಚು. ಸರಕಾರ ಮಾಡುವ ಬೇರೆಲ್ಲ ತಪ್ಪಿಗೂ ಬೈಯುವ ಜನ ಈ ಒಂದು ತಪ್ಪಿಗೆ ಮಾತ್ರ ಮುಗಿಬಿದ್ದು ದುಡ್ಡು ಸುರಿಯುತ್ತಾರೆ. ಆದರೆ ಸುಳ್ಳು ಜೋಡಿಯೂ ಉಂಟು. ಅಚ್ಚು ನೆಟ್ಟಗೇ ಇದ್ದು, ಹೊಡೆಯುವ ಯಂತ್ರ ನಡುಗಿ ಅಕ್ಷರ ಜಾರಿರುತ್ತದೆ. ಅದರ ಬೆಲೆ ಒಂದು ಸೆಂಟು, ಅಷ್ಟೆ. ಇದು ಅದೋ ಇದೋ ಎಂದು ತೀರ್ಪು ಕೊಡುವುದಕ್ಕೆಂದೇ ಕಂಪನಿಗಳಿವೆ. ನಾಣ್ಯ ಕಳಿಸಿದರೆ ಅವರು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಅಂಕ, ತಾಮ್ರದ ಕೆಂಪು ಇಷ್ಟು ಉಳಿದಿದೆ ಎಂದು ದರ್ಜೆ ಕೊಟ್ಟು, ಅದರ ಚೀಟಿಯ ಜೊತೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯೊಳಗೆ ಕೂರಿಸಿ ಬೆಸುಗೆ ಹಾಕಿ ವಾಪಸು ಕಳಿಸುತ್ತಾರೆ. ಆ ಬಿಲ್ಲೆಗೆ ನಾಣ್ಯದವರ ಬಾಯಲ್ಲಿ ಚಪ್ಪಡಿ ಎಂದು ಹೆಸರು.

ಎಲ್ಡನ್ ಮತ್ತು ಡೋರೀನ್ ಮದುವೆಯಾದ ಹೊಸದರಲ್ಲಿ ಈರಿ ಸರೋವರದ ದಡದ ಒಂದು ಮೋಟೆಲ್ಲಿಗೆ ಹೋಗಿದ್ದರು. ಬೇರೆಯವರು ಅಲ್ಲಿ ದೋಣಿ ಹತ್ತಿದರೆ ಇವರು ಬ್ಯಾಂಕಿನಿಂದ ಸೆಂಟುಗಳ ಸುರುಳಿ ತಂದು, ಹಾಸಿಗೆಯ ಮೇಲೆ ಸುರಿದುಕೊಂಡು, ಭೂತಗನ್ನಡಿ ಹಿಡಿದು ಹುಡುಕುತ್ತ ಕೂತಿದ್ದರು. ಸುರುಳಿ ಬಿಚ್ಚಿದವನು ಎಲ್ಡನ್. ನಾಣ್ಯ ಬಿದ್ದದ್ದು ಡೋರೀನಳ ಮಡಿಲಿಗೆ. ಮೊದಲು ನೋಡಿದ್ದು ತಾನು ಎಂದು ಅವನು, ಮೊದಲು ‘ಜೋಡಿ’ ಎಂದದ್ದು ತಾನು ಎಂದು ಅವಳು. ನ್ಯಾಯಾಲಯದಲ್ಲಿ ಇದರ ಮೇಲೆ ಅರ್ಧ ದಿನ ವಾದ ನಡೆಯಿತು. ಹಸಿದಿದ್ದ ನ್ಯಾಯಾಧೀಶರು, ಇಬ್ಬರೂ ಒಪ್ಪಿ ದರ್ಜೆ ಹಾಕಿಸಿ ಮಾರಿಕೊಳ್ಳಿ, ಅಲ್ಲಿಯವರೆಗೆ ಒಂದೊಂದು ವಾರ ಒಬ್ಬೊಬ್ಬರ ಹತ್ತಿರ ಇರಲಿ ಎಂದು ಹೇಳಿ ಊಟಕ್ಕೆ ಎದ್ದು ಹೋದರು.

ಹೀಗೆ ನಾಣ್ಯ ಕೈ ಬದಲಾಯಿಸುವ ದಿನ ಗುರುವಾರವಾಯಿತು. ಜಾಗ, ಹೆದ್ದಾರಿ ಪಕ್ಕದ ಟ್ರೂಡಿಯ ಹೋಟೆಲು. ಟ್ರೂಡಿ ಊರಿನ ಎಲ್ಲರನ್ನೂ, ಜಪ್ತಿಗೆ ಬಂದ ಅಧಿಕಾರಿಯನ್ನೂ ಸೇರಿಸಿ, ಚಿನ್ನ ಎಂದೇ ಕರೆಯುವ ಹೆಂಗಸು.

"ಏನ್ ಚಿನ್ನ, ಮಗೂನ ಕರ್ಕೊಂಡ್ ಬಂದ್ಯಾ?" ಎಂದು ಕೇಳುತ್ತ ಅವಳು ಮೇಜಿನ ಮೇಲಿಂದ ಕೆಚಪ್ ಬಾಟಲಿ ಎತ್ತಿಕೊಂಡು ಹೋಗುತ್ತಿದ್ದಳು. ತಾಮ್ರಕ್ಕೆ ಟೊಮೆಟೊ ಹುಳಿ ಆಗದು.

ಎಲ್ಡನ್‌ಗೆ ಡೋರೀನಳ ಮೇಲೆ ಇನ್ನೂ ಜೀವ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಟ್ರೂಡಿಗೆ ಗೊತ್ತಿತ್ತು, ಅಡುಗೆಯವನಿಗೆ ಗೊತ್ತಿತ್ತು, ಹೊರಗೆ ಲಾರಿ ನಿಲ್ಲಿಸಿ ಕಾಫಿ ಕುಡಿಯಲು ಬಂದವರಿಗೂ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಗುರುವಾರ ಮಾತ್ರ ಅವನು ಗಡ್ಡ ಬೋಳಿಸಿ, ಇಸ್ತ್ರಿಯಾದ ಅಂಗಿ ತೊಟ್ಟು ಬರುತ್ತಿದ್ದ. ಗೊತ್ತಿರದವಳು ಡೋರೀನ್ ಒಬ್ಬಳೇ, ಯಾಕೆಂದರೆ ಅವನು ಅವಳಿಗೆ ಹೇಳಿರಲಿಲ್ಲ. ಸಂಸಾರ ಮುರಿದದ್ದೂ ಹಾಗೆಯೇ. ಅವನ ಬಾಯಲ್ಲಿ ಎಲ್ಲದಕ್ಕೂ ಒಂದೇ ಮಾತು, ನೋಡೋಣ. ಮನೆ ಬದಲಾಯಿಸೋಣವೇ ಎಂದರೆ ನೋಡೋಣ. ನಾಯಿ ಸಾಕೋಣವೇ ಎಂದರೆ ನೋಡೋಣ. "ನಾನು ಈ ಮನೆ ಬಿಟ್ ಹೋಗ್ಲಾ?" ಎಂದು ಅವಳು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತು ಕೇಳಿದಾಗಲೂ ಆ ಮಹಾನುಭಾವ ಅಭ್ಯಾಸಬಲದಿಂದ "ನೋಡೋಣ" ಎಂದಿದ್ದ. ಅವಳು ನೋಡುತ್ತ ನಿಲ್ಲಲಿಲ್ಲ.

ಆದ್ದರಿಂದ ಅವನಿಗೆ ಉಳಿದದ್ದು ಗುರುವಾರ ಒಂದೇ. ನಾಣ್ಯ ಹೋದರೆ ಗುರುವಾರವೂ ಹೋಗುತ್ತದೆ. ಕಂಪನಿಯವರು ಅಸಲಿ ಎಂದರೆ ಮಾರಬೇಕು, ಸುಳ್ಳು ಎಂದರೆ ಎಸೆಯಬೇಕು. ಎರಡರಲ್ಲಿ ಯಾವುದಾದರೂ ಡೋರೀನ್ ಮತ್ತೆ ಬರುವುದಕ್ಕೆ ಕಾರಣವಿರುವುದಿಲ್ಲ. ತಾನಾಗಿ ತನ್ನ ತಲೆಯ ಮೇಲೆ ಚಪ್ಪಡಿ ಎಳೆದುಕೊಳ್ಳುವುದು ಎಂದರೆ ಇದೇ ಎಂದು ಅವನಿಗೆ ಗೊತ್ತಿತ್ತು.

ಹಾಗಾಗಿ ಪ್ರತಿ ಗುರುವಾರ ಮಾತು ಹೀಗೆ ಸಾಗುತ್ತಿತ್ತು.

"ಕಳಿಸ್ಬಿಡೋಣ ಅನ್ಸುತ್ತೆ ಕಣೋ," ಎನ್ನುತ್ತಿದ್ದಳು ಡೋರೀನ್, ಸೇಬಿನ ಪೈ ಮುರಿಯುತ್ತ.

"ಕಳಿಸಿ, ಸುಳ್ಳು ಜೋಡಿ ಅಂದ್ಬಿಟ್ರೆ?"

"ಅನ್ಲಿ ಬಿಡು."

"ಅಂಚೇಲಿ ಕಳೆದ್ಹೋದ್ರೆ?"

"ವಿಮೆ ಮಾಡ್ಸೋಣ."

"ವಿಮೆ ಮಾಡ್ಸಿದ್ರೆ ಒಳಗೆ ಬೆಲೆಬಾಳೋದು ಏನೋ ಇದೆ ಅಂತ ಕಳ್ಳರಿಗೆ ನಾವೇ ಹೇಳ್ದಂಗಾಗುತ್ತೆ."

"ಹಂಗಾದ್ರೆ ವಿಮೆ ಬೇಡ."

"ವಿಮೆ ಇಲ್ದೆ ಕಳ್ಸೋಕೆ ನಿಂಗೇನ್ ತಲೆ ಕೆಟ್ಟಿದ್ಯಾ?"

ಮುಂದಿನ ವಾರ ಇದೇ ಮಾತು ತಲೆಕೆಳಗಾಗಿ ನಡೆಯುತ್ತಿತ್ತು. ಎಲ್ಡನ್ "ಕಳಿಸೋಣ" ಎನ್ನುತ್ತಿದ್ದ, ಡೋರೀನ್ ಕಳ್ಳರ ಕತೆ ತೆಗೆಯುತ್ತಿದ್ದಳು. ಒಂದು ವಾರ ಅವನ ‘ಬೇಡ’, ಒಂದು ವಾರ ಅವಳ ‘ಬೇಡ’. ಯಾರೂ ಕೂತು ಒಪ್ಪಂದ ಮಾಡಿಕೊಂಡಿರಲಿಲ್ಲ. ಗಡಿಯಾರದ ಲೋಲಕದ ಹಾಗೆ ತಾನಾಗಿ ಆಗಿತ್ತು. ಎಲ್ಡನ್ ‘ಬೇಡ’ ಎನ್ನುವುದು ಯಾಕೆಂದು ಅವನಿಗೆ ಗೊತ್ತಿತ್ತು. ಡೋರೀನ್ ಯಾಕೆ ಹಾಗೆನ್ನುತ್ತಾಳೆಂದು ಅವನು ಯೋಚಿಸಿರಲಿಲ್ಲ. ಸುಖವಾಗಿರುವವನಿಗೆ ಯೋಚನೆ ಬರುವುದು ಕಷ್ಟ. ಹೀಗೆ ಎಷ್ಟೋ ವರ್ಷ ಕಳೆದವು.

ಆಮೇಲೆ ವೆಂಡೆಲ್ ಬಂದ.

ವೆಂಡೆಲ್ ಸ್ಟ್ರೌಡ್ ಹಿತ್ತಲಲ್ಲಿ ಇಟ್ಟುಕೊಂಡು ಕೂರುವ ಬಿಸಿನೀರಿನ ತೊಟ್ಟಿಗಳನ್ನು ಮಾರುವವನು. ಕೆಟ್ಟವನಾಗಿದ್ದರೆ ಬೈಯಬಹುದಿತ್ತು. ಆದರೆ ಬಡ್ಡಿಮಗ ಒಳ್ಳೆಯವನು. ಮುದುಕರಿಗೆ ಬಾಗಿಲು ಹಿಡಿಯುತ್ತಿದ್ದ, ಟ್ರೂಡಿಗೆ ಕೈ ತುಂಬ ಟಿಪ್ಸ್ ಕೊಡುತ್ತಿದ್ದ. ಡೋರೀನ್ ಶಾಲಾ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತಳಾದ ಮೇಲೆ ಅವಳಿಗೆ ಒಂದು ತೊಟ್ಟಿ ಮಾರಲು ಹೋಗಿ, ಅವಳು ನೀರಿಗೆ ಹೆದರುತ್ತಾಳೆಂದು ತಿಳಿದು, ತೊಟ್ಟಿ ಬಿಟ್ಟು ತನ್ನನ್ನೇ ಮಾರಿಕೊಳ್ಳಲು ಶುರುಮಾಡಿದ್ದ. ಇಬ್ಬರೂ ಫ್ಲಾರಿಡಾಕ್ಕೆ ಹೋಗಿ ನೆಲೆಸೋಣ ಎಂದು ಅವನ ಬೇಡಿಕೆ. ಅವಳು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ.

ಒಂದು ಗುರುವಾರ ಅವನೂ ಬಂದು ಡೋರೀನಳ ಪಕ್ಕದಲ್ಲಿ ಕೂತ.

"ತಪ್ಪು ತಿಳ್ಕೋಬೇಡಿ ಎಲ್ಡನ್," ಎಂದ, ಬಲು ವಿನಯದಿಂದ. "ಡೋರೀನ್ ಊರು ಬಿಡೋ ಮುಂಚೆ ಇದೊಂದು ಬಗೆಹರಿಸ್ಕೊಂಡ್ರೆ ಒಳ್ಳೇದಲ್ವಾ? ಎಷ್ಟಂದ್ರೂ ಒಂದು ಪೆನ್ನಿ."

"ಸೆಂಟ್," ಎಂದ ಎಲ್ಡನ್.

"ಸೆಂಟ್," ಎಂದಳು ಡೋರೀನ್, ಅದೇ ಕ್ಷಣದಲ್ಲಿ.

ನಾಣ್ಯದವರ ಮುಂದೆ ಪೆನ್ನಿ ಎನ್ನಬಾರದು. ಪೆನ್ನಿ ಇಂಗ್ಲೆಂಡಿನದು, ನಮ್ಮದು ಸೆಂಟು. ಊರಿನ ನಾಣ್ಯ ಸಂಘದಲ್ಲಿ ಬಾಯಿ ತಪ್ಪಿ ಪೆನ್ನಿ ಎಂದವರು ದಂಡ ಕಟ್ಟಬೇಕಿತ್ತು. ಹೊಸಬ ಪಾದ್ರಿಯೊಬ್ಬರು ಪ್ರಾರ್ಥನೆಯ ನಡುವೆ ಹಾಗಂದು, ಕಣ್ಣು ಮುಚ್ಚಿಕೊಂಡೇ ಜೇಬಿಗೆ ಕೈ ಹಾಕಿದ್ದುಂಟು.

"ಎರಡೂ ಒಂದೇ ಅಲ್ವಾ?" ಎಂದ ವೆಂಡೆಲ್.

ಟ್ರೂಡಿ ಕಾಫಿ ಸುರಿಯುವ ಕೈಯನ್ನು ಹಾಗೇ ನಿಲ್ಲಿಸಿ ಅವನನ್ನು ಮರುಕದಿಂದ ನೋಡಿದಳು.

ಎಲ್ಡನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೋದ ವಾರ ‘ಬೇಡ’ ಎಂದವನು ತಾನು. ಹಾಗಾದರೆ ಈ ವಾರದ ‘ಬೇಡ’ ಡೋರೀನಳದು. ಈಗ ತಾನು ಧಾರಾಳವಾಗಿ ‘ಕಳಿಸೋಣ’ ಎಂದರೆ ವೆಂಡೆಲ್‌ನ ಎದುರಿಗೆ ದೊಡ್ಡ ಮನುಷ್ಯನಾದ ಹಾಗೂ ಆಯಿತು, ನಾಣ್ಯ ಉಳಿದ ಹಾಗೂ ಆಯಿತು. ಅವನು ಎದೆ ಉಬ್ಬಿಸಿ ಹೇಳಿದ.

"ನನ್ನದೇನೂ ಅಡ್ಡಿಯಿಲ್ಲಪ್ಪ. ಕಳಿಸ್ಬಿಡೋಣ. ಇವತ್ತೇ ಬೇಕಾದ್ರೂ ಕಳಿಸೋಣ."

ಹೇಳಿ, ಕಳ್ಳರ ಕತೆಗಾಗಿ ಕಾದ.

ಡೋರೀನ್ ಅವನ ಮುಖವನ್ನೇ ನೋಡಿದಳು. ಪೈ ತಿನ್ನುವುದನ್ನು ನಿಲ್ಲಿಸಿದ್ದಳು.

"ನಿಜವಾಗ್ಲೂ ಹೇಳ್ತಿದ್ದೀಯೇನೋ?"

ಈ ಪ್ರಶ್ನೆ ಯಾವ ವಾರದ ಮಾತಿನಲ್ಲೂ ಇರಲಿಲ್ಲ. ಎಲ್ಡನ್ ತಬ್ಬಿಬ್ಬಾದ. ಆದರೆ ವೆಂಡೆಲ್ ಹಲ್ಲು ಬಿಟ್ಟು ಮೆಚ್ಚುಗೆಯಿಂದ ನೋಡುತ್ತಿದ್ದ. ಹಿಂದಕ್ಕೆ ಸರಿಯಲು ಮಾನ ಅಡ್ಡ ಬಂತು.

"ನಿಜವಾಗ್ಲೂ."

"ಸರಿ," ಎಂದಳು ಡೋರೀನ್. "ಕಳಿಸೋಣ."

ಜೀವಮಾನವಿಡೀ ನೋಡೋಣ ಎಂದವನು ಒಂದೇ ಒಂದು ಸಲ ಗಟ್ಟಿ ಮಾತಾಡಿದ್ದ, ಅದೂ ಬೇಡದ ಕಡೆ. ಇಂಥವನಿಗೆ ಏನು ಹೇಳುವುದು.

ವೆಂಡೆಲ್ ತನ್ನ ಕಾರಿನಲ್ಲೇ ಇಬ್ಬರನ್ನೂ ಅಂಚೆ ಕಚೇರಿಗೆ ಕರೆದೊಯ್ದ. ರಿಜಿಸ್ಟರ್ ಮಾಡುವ ಪೊಟ್ಟಣಕ್ಕೆ ಕಂದು ಕಾಗದದ ಪಟ್ಟಿಯನ್ನೇ ಅಂಟಿಸಬೇಕು, ಪ್ರತಿ ಅಂಚಿನ ಮೇಲೂ ಮುದ್ರೆ ಬೀಳಬೇಕು. ಎಲ್ಡನ್ ಪಟ್ಟಿಯನ್ನು ಸೊಟ್ಟಗೆ ಅಂಟಿಸಿದ. ಗುಮಾಸ್ತೆ, ಕೀಳಿ, ಮತ್ತೆ ಅಂಟಿಸಿ ಎಂದಳು. ಅವನು ಕೀಳುವಾಗ ಪೊಟ್ಟಣವೇ ಹರಿಯಿತು. ಹೊಸ ಪೊಟ್ಟಣ ಕೊಂಡದ್ದಾಯಿತು. ಆಮೇಲೆ ಅವನ ಪೆನ್ನು ಕೈಕೊಟ್ಟಿತು, ಕನ್ನಡಕ ಕಾರಿನಲ್ಲಿ ಉಳಿದಿತ್ತು, ತನ್ನದೇ ಸಹಿ ಹೇಗಿತ್ತೆಂದು ಮರೆತುಹೋಯಿತು. ಹಿಂದೆ ಸರತಿಯಲ್ಲಿ ನಿಂತವರು ಗೊಣಗಿದರು.

"ಏನಾಗಿದೆಯೋ ನಿಂಗೆ?" ಎಂದು ಡೋರೀನ್ ಕೇಳಿದಳು.

"ಏನಿಲ್ಲ. ಈ ಪೆನ್ನೇ ಸರಿಯಿಲ್ಲ."

ಗುಮಾಸ್ತೆ ಧಡ್ ಧಡ್ ಎಂದು ಮುದ್ರೆ ಒತ್ತಿ ಪೊಟ್ಟಣವನ್ನು ಒಳಕ್ಕೆ ಎಸೆದಳು. ವೆಂಡೆಲ್ ಅವನ ಬೆನ್ನು ತಟ್ಟಿ, "ಹಗುರಾಯ್ತಲ್ವಾ?" ಎಂದ.

ಮುಂದಿನ ಗುರುವಾರ ಎಲ್ಡನ್ ಗಡ್ಡ ಬೋಳಿಸಿ ಹೋಟೆಲಿಗೆ ಹೋದ. ಡೋರೀನ್ ಬರಲಿಲ್ಲ. ಯಾಕೆ ಬರಬೇಕು, ಕೈ ಬದಲಾಯಿಸುವುದಕ್ಕೆ ಏನಿತ್ತು. ಟ್ರೂಡಿ ಅಭ್ಯಾಸದಿಂದ ಕೆಚಪ್ ಬಾಟಲಿ ಎತ್ತಿದವಳು, ನೆನಪಾಗಿ, ಮತ್ತೆ ಅಲ್ಲೇ ಇಟ್ಟಳು. ಅದನ್ನು ನೋಡಿ ಎಲ್ಡನ್‌ಗೆ ಅಳು ಬಂದಂತಾಯಿತು. ಆಲೂಗಡ್ಡೆಗೆ ಕೆಚಪ್ ಸುರಿದುಕೊಂಡು ತಿಂದ. ವರ್ಷಗಳ ಮೇಲೆ ಸಿಕ್ಕ ಆ ಸ್ವಾತಂತ್ರ್ಯ ಅವನಿಗೆ ರುಚಿಸಲಿಲ್ಲ.

"ಫೋನ್ ಮಾಡು ಚಿನ್ನ," ಎಂದಳು ಟ್ರೂಡಿ.

"ಏನಂತ ಮಾಡ್ಲಿ?"

"ಬಾ ಅಂತ."

"ಕಾರಣ ಬೇಡ್ವಾ?"

"ನಿನ್ನಂಥೋನ್ನ ನಾನೆಲ್ಲೂ ನೋಡಿಲ್ಲ," ಎಂದು ಟ್ರೂಡಿ ತಟ್ಟೆ ಎತ್ತಿಕೊಂಡು ಹೋದಳು.

ವಾರಗಳು ಹೋದವು. ಎಲ್ಡನ್ ದೇವರಲ್ಲಿ ಬೇಡಿಕೊಂಡದ್ದು ಒಂದೇ, ಪೊಟ್ಟಣ ಕಳೆದುಹೋಗಲಿ. ಕಳೆದರೆ ತನಿಖೆಯಾಗುತ್ತದೆ, ವಿಮೆಯವರ ಹತ್ತಿರ ಜಗಳವಾಗುತ್ತದೆ, ಅದಕ್ಕೆಲ್ಲ ಇಬ್ಬರೂ ಕೂತು ಮಾತಾಡಬೇಕಾಗುತ್ತದೆ. ತನ್ನ ನಾಣ್ಯವನ್ನು ಯಾರಾದರೂ ಕದಿಯಲಿ ಎಂದು ಮೊಣಕಾಲೂರಿ ಪ್ರಾರ್ಥಿಸಿದ ನಾಣ್ಯಗಾರ ಓಹಾಯೋ ರಾಜ್ಯದಲ್ಲಿ ಇವನೊಬ್ಬನೇ ಇರಬೇಕು. ಆದರೆ ಅಂಚೆಯವರು, ಮಾಮೂಲಿನ ದಿನಗಳಲ್ಲಿ ಪಕ್ಕದ ಬೀದಿಯ ಹುಟ್ಟುಹಬ್ಬದ ಕಾರ್ಡನ್ನೂ ಅಲಾಸ್ಕಾಕ್ಕೆ ಕಳಿಸಬಲ್ಲವರು, ಈ ಸಲ ಎಲ್ಲಿಲ್ಲದ ನಿಷ್ಠೆ ತೋರಿದರು. ಒಂದು ಬೆಳಿಗ್ಗೆ ಡೋರೀನಳ ಫೋನ್ ಬಂತು.

"ಬಂದಿದೆ. ಇನ್ನೂ ತೆಗೆದಿಲ್ಲ. ಹೋಟೆಲಿಗೆ ಬಾ, ಒಟ್ಟಿಗೆ ತೆಗೆಯೋಣ. ವೆಂಡೆಲ್ಲೂ ಬರ್ತಾನೆ."

ಎಲ್ಡನ್ ಹೋಗುವಷ್ಟರಲ್ಲಿ ಅವರಿಬ್ಬರೂ ಬಂದು ಕೂತಿದ್ದರು. ವೆಂಡೆಲ್ ಆಗಲೇ ಕೊಳ್ಳುವವನೊಬ್ಬನನ್ನು ಗೊತ್ತುಮಾಡಿ, ಫೋನನ್ನು ಮೇಜಿನ ಮೇಲೆ ಸಿದ್ಧವಾಗಿ ಇಟ್ಟುಕೊಂಡಿದ್ದ. ಡೋರೀನ್ ಪೊಟ್ಟಣ ಹರಿದಳು. ಹೊರಗೆ ಬಂತು ಚಪ್ಪಡಿ. ಒಳಗೆ ಅವರ ನಾಣ್ಯ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ ರಾಜನ ಹೆಣದ ಹಾಗೆ.

"ಏನಂತೆ?" ಎಂದ ಎಲ್ಡನ್. ಅವನಿಗೆ ಕಣ್ಣು ಮಂಜಾಗಿತ್ತು.

ಡೋರೀನ್ ಚೀಟಿ ಓದಿದಳು. "ಜೋಡಚ್ಚು. ಅಸಲಿ."

ವೆಂಡೆಲ್ ಚಪ್ಪಾಳೆ ತಟ್ಟಿದ. ಅಡುಗೆಯವನು ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ಎಲ್ಡನ್ ಕುರ್ಚಿಯಲ್ಲಿ ಕುಸಿದ. ಬಾಳಿನಲ್ಲಿ ಒಂದು ಸಲ ಅದೃಷ್ಟ ಖುಲಾಯಿಸಿತ್ತು, ಅವನಿಗೆ ಹಾಳಾಗಿಹೋಗು ಎಂದು ಬೈಯಬೇಕೆನಿಸಿತು.

"ಹಾಗಾದ್ರೆ ಫೋನ್ ಮಾಡ್ಲಾ?" ಎಂದ ವೆಂಡೆಲ್.

"ಮಾಡ್ಬೇಡ," ಎಂದ ಎಲ್ಡನ್.

ತನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಇನ್ನು ಮಾತು ನಿಲ್ಲಿಸಿದರೆ ಜನ್ಮದಲ್ಲಿ ಶುರುವಾಗುವುದಿಲ್ಲ ಎಂದು ಅವನು ಹೆದರಿ ಒಂದೇ ಉಸಿರಿಗೆ ಹೇಳಿದ.

"ಡೋರೀನ್, ನಂಗೆ ಇದನ್ನ ಮಾರೋದ್ ಬೇಡ. ಅವತ್ತೂ ಬೇಡ ಆಗಿತ್ತು. ಕಳಿಸೋಣ ಅಂದದ್ದು ನೀನು ಬೇಡ ಅಂತೀಯ ಅಂತ. ನಿನ್ನ ವಾರ ಆಗಿತ್ತಲ್ಲ ಅದು. ನಂಗೆ ಈ ನಾಣ್ಯಾನೂ ಬೇಡ ಕಣೇ. ನೀನು ಇಲ್ಲಿ ಬಂದು ಎದುರಿಗೆ ಕೂತು ಪೈ ತಿಂತೀಯಲ್ಲ, ಅದು ಬೇಕು. ಇದು ಹೋದ್ರೆ ಅದೂ ಹೋಗುತ್ತೆ. ಬೇಕಾದ್ರೆ ನನ್ನ ಪಾಲೂ ನೀನೇ ತಗೋ. ಆದ್ರೆ ಹೋಗ್ಬೇಡ."

ಒಲೆಯ ಮೇಲೆ ಏನೋ ಸೀಯುತ್ತಿತ್ತು, ಅಡುಗೆಯವನಿಗೆ ಅದರ ಪರಿವೆ ಇರಲಿಲ್ಲ. ವೆಂಡೆಲ್ ಮೆಲ್ಲಗೆ ಫೋನನ್ನು ಬೋರಲು ಹಾಕಿದ.

ಡೋರೀನ್ ಚಪ್ಪಡಿಯನ್ನು ಬೆಳಕಿಗೆ ಹಿಡಿದು ಮತ್ತೆ ಚೀಟಿ ಓದಿದಳು. ಈ ಸಲ ನಿಧಾನವಾಗಿ, ಹುಬ್ಬು ಗಂಟಿಕ್ಕಿ ಓದಿದಳು.

"ಅರವತ್ನಾಲ್ಕು ಕೊಟ್ಟಿದ್ದಾರೆ," ಎಂದಳು.

"ಒಳ್ಳೇದಲ್ವಾ?" ಎಂದ ವೆಂಡೆಲ್.

"ಅರವತ್ತೈದು ಬರ್ಬೇಕು. ಬಣ್ಣ ನೋಡು, ಕೆಂಗಂದು ಅಂತ ಬರೆದಿದ್ದಾರೆ. ಕೆಂಗಂದಂತೆ. ಎಲ್ಡನ್, ಇದು ಕೆಂಗಂದಾ?"

ಎಲ್ಡನ್ ಕಣ್ಣೊರೆಸಿಕೊಂಡು ಬಗ್ಗಿ ನೋಡಿದ. ಎದೆ ಒಡೆಯುತ್ತಿದ್ದರೂ ಸುಳ್ಳು ಹೇಳಲು ನಾಲಗೆ ಬರಲಿಲ್ಲ, ಅವನು ನಾಣ್ಯದವನು. "ಅಲ್ಲ. ಕೆಂಪೇ ಇದು. ಅಂಚಲ್ಲಿ ಒಂಚೂರು ಮಬ್ಬು, ಅಷ್ಟೆ."

"ಅಲ್ವಾ ಮತ್ತೆ? ಕಣ್ಣಿಲ್ಲ ಇವ್ರಿಗೆ."

ಅವಳು ಚೀಲದೊಳಗೆ ಕೈ ಹಾಕಿದಳು. ಬಸ್ಸು ಓಡಿಸಿದ ಹೆಂಗಸಿನ ಚೀಲ ಅದು. ಕಟಿಂಗ್ ಪ್ಲೇಯರ್ ಹೊರಗೆ ಬಂತು.

"ಟ್ರೂಡಿ, ಒಂದು ಟವೆಲ್ ಕೊಡು."

ನಾಣ್ಯದವರಲ್ಲಿ ಇದೊಂದು ಇದೆ. ಕಂಪನಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಚಪ್ಪಡಿ ಒಡೆದು ನಾಣ್ಯ ಬಿಡಿಸಿ, ಮೊದಲಿನಿಂದ ಶುರುಮಾಡುತ್ತಾರೆ. ಒಡೆದರೆ ದರ್ಜೆಯೂ ಹೋಯಿತು, ಚೀಟಿಯೂ ಹೋಯಿತು. ಅಸಲಿ ಎಂದು ಯಾರೋ ಹೇಳಿದ್ದರು ಎಂಬುದಕ್ಕೆ ಸಾಕ್ಷಿ ಉಳಿಯುವುದಿಲ್ಲ.

"ಡೋರೀನ್," ಎಂದ ವೆಂಡೆಲ್, ಅವಳು ಟವೆಲಿನಲ್ಲಿ ಚಪ್ಪಡಿ ಸುತ್ತುವುದನ್ನು ನೋಡುತ್ತ. "ಅದನ್ನ ಒಡೆದ್ರೆ ಯಾರೂ ಕೊಳ್ಳಲ್ಲ ಅಲ್ವಾ?"

"ಸದ್ಯಕ್ಕೆ ಕೊಳ್ಳಲ್ಲ." ಅವಳು ಮೂಲೆಗೆ ಪ್ಲೇಯರ್ ಕಚ್ಚಿಸಿದಳು. "ನೀನು ಒಳ್ಳೆಯವನು ವೆಂಡೆಲ್. ಫ್ಲಾರಿಡಾನೂ ಒಳ್ಳೇ ಊರಂತೆ. ನೀನು ಹೋಗ್ಬಾ."

ಫಟ್ ಎಂದು ಸದ್ದಾಯಿತು. ಮತ್ತೊಂದು ಮೂಲೆ, ಮತ್ತೊಂದು ಫಟ್. ವೆಂಡೆಲ್ ಆಮೇಲೆ ಎದ್ದು, ಎಲ್ಲರ ಕಾಫಿಗೂ ದುಡ್ಡಿಟ್ಟು, ಒಳಕ್ಕೆ ಬರುತ್ತಿದ್ದ ಮುದುಕಿಗೆ ಬಾಗಿಲು ಹಿಡಿದು ಹೊರಟುಹೋದ. ಟ್ರೂಡಿ ಒಡೆದ ಪ್ಲಾಸ್ಟಿಕ್ ಚೂರುಗಳನ್ನೂ ಅವುಗಳ ಜೊತೆ ಆ ಚೀಟಿಯನ್ನೂ ಬಳಿದು ಕಸದ ಬುಟ್ಟಿಗೆ ಹಾಕಿದಳು.

ನಾಣ್ಯ ಟವೆಲಿನ ಮೇಲೆ ಬರಿಮೈಯಲ್ಲಿ ಬಿದ್ದಿತ್ತು. ಇಬ್ಬರೂ ಎರಡೂ ಕಡೆಯಿಂದ ಅದರ ಮೇಲೆ ಬಾಗಿ ನೋಡಿದರು.

"ಈಗ?" ಎಂದ ಎಲ್ಡನ್.

"ಈಗೇನು. ಇನ್ನೊಂದು ಕಂಪನಿ ಇದೆಯಲ್ಲ. ಅದಕ್ಕೆ ಕಳಿಸೋದಾ ಬೇಡ್ವಾ ಅಂತ ಕೂತು ಯೋಚ್ನೆ ಮಾಡ್ಬೇಕು." ಅವಳು ಟ್ರೂಡಿಗೆ ಎರಡು ಪೈ ಎಂದು ಬೆರಳು ತೋರಿಸಿದಳು. "ಆದ್ರೆ ವಾರಕ್ಕೊಂದ್ಸಲ ಸಾಲಲ್ಲ ಕಣೋ ಇದಕ್ಕೆ. ನಾಳೇನೂ ಬಾ."